ಎರಡು ಬೆರಳಿನ ಅಂತರ

ಚಂದ್ರನಲ್ಲೇ ಹುಟ್ಟಿ ಬೆಳೆದ ಇಂಚರಾ ಭೂಮಿಗೆ ಹೋಗಿ ಭರತನಾಟ್ಯ ಮಾಡುವವಳಿದ್ದಳು. ಸರೋಜಿನಿ ಟೀಚರಿಗೆ ಅದೇ ಚಿಂತೆ. ಅಲ್ಲಿ ಮೈಭಾರ ಆರು ಪಟ್ಟು. ಸಡಿಲಗೊಳ್ಳದ ಕಾಲಿನಲ್ಲಿ ಕುಣಿದರೆ ತೊಡೆಯ ಸ್ನಾಯು ಹರಿಯುವುದು ಖಂಡಿತ. ಅದಕ್ಕೇ ಎರಡೂ ಕಾಲು ಅಗಲಿಸಿ ಪೂರ್ತಿ ನೆಲಕ್ಕೆ ಕೂತು ತೋರಿಸಿದವರ ಪ್ರಯಾಣಪತ್ರಕ್ಕೆ ಮಾತ್ರ ಅವರು ಸಹಿ ಹಾಕುತ್ತಿದ್ದರು. ನೌಕೆ ಇವತ್ತೇ ಹೊರಡುವುದಿತ್ತು. ಇಂಚರಾಳ ತೊಡೆ ನೆಲ ಮುಟ್ಟಲು ಇನ್ನೂ ಎರಡು ಬೆರಳು ಬಾಕಿ. ಅಳತೆಗೆಂದು ಟೀಚರು ಅವಳ ಪತ್ರವನ್ನೇ ತೊಡೆಯ ಕೆಳಗೆ ಹಾಸಿದ್ದರು.

ಕಾಲು ನೆಲಕ್ಕಿಳಿಯಲು ಚಂದ್ರನಲ್ಲಿ ಸ್ವಂತ ಭಾರ ಸಾಲದು. ಹಾಗಾಗಿ ಓಣಿಯ ಹೆಂಗಸರು ಕೆಲಸಕ್ಕೆ ಹೋಗುವ ಮುಂಚೆ ಬಂದು ನೃತ್ಯದ ಹುಡುಗಿಯರ ಹೆಗಲೇರಿ ಕೂರುವುದು ರೂಢಿ.

“ಏನ್ರೀ ಗಿರಿಜಾ, ಮುದ್ದೆ ಉಂಡಿಲ್ವಾ? ಹತ್ತಿಮೂಟೆ ಥರ ಇದ್ದೀರಿ.”

“ಇಲ್ಲಿ ಯಾರಿಗಿದೆ ತೂಕ, ನೀವೇ ಹೇಳಿ ಟೀಚರ್.”

ಮೂವರು ಕೂತರೂ ಎರಡು ಬೆರಳು ಎರಡಾಗಿಯೇ ಉಳಿಯಿತು.

“ಗಿರಿಜಾಂಟಿ, ಎಲ್ಲರೂ ಇಳೀರಿ,” ಎಂದಳು ಇಂಚರಾ. “ನೀವು ಒತ್ತಿದಷ್ಟೂ ನನ್ನ ಮೈ ಹಟ ಹಿಡಿಯುತ್ತೆ.”

ಅವರು ಇಳಿದರು. ಅವಳು ಕಣ್ಣು ಮುಚ್ಚಿ, ಉಸಿರು ಬಿಟ್ಟಾಗಲೆಲ್ಲ ನೂಲೆಳೆಯಷ್ಟು ಕೆಳಗಿಳಿದಳು. ಅವಸರವೇ ಇಲ್ಲ. ಒತ್ತಲೆಂದು ಚಾಚಿದ್ದ ಕೈಯನ್ನು ಟೀಚರು ಮೆಲ್ಲಗೆ ಹಿಂದೆಗೆದುಕೊಂಡರು. ಮೂವತ್ತು ವರ್ಷದಲ್ಲಿ ಇಂಥ ತಾಳ್ಮೆಯನ್ನು ಅವರು ಯಾರಿಗೂ ಕಲಿಸಿರಲಿಲ್ಲ.

ಬಹಳ ಹೊತ್ತಿನ ಮೇಲೆ ಬಗ್ಗಿ ಪತ್ರದ ತುದಿ ಹಿಡಿದು ಎಳೆದರು. ಬರಲಿಲ್ಲ. ಇನ್ನೊಮ್ಮೆ ಎಳೆದರು.

“ಏಳು ಮಗಳೇ,” ಎಂದರು ಪೆನ್ನು ಹುಡುಕುತ್ತ, “ಸಹಿ ಹಾಕಬೇಕು.”