ಗೂಡಿನೊಳಗೆ ಇಬ್ಬರು

ಕಾಲೇಜು ಸೇರಬೇಕೆನ್ನುವವರೆಲ್ಲ ಮೊದಲು ದಾರಿಯಂತ್ರದ ಗೂಡಿನೊಳಗೆ ಕೂರಬೇಕು. ಅದು ಹೇಳಿದ ಕೋರ್ಸಿಗಷ್ಟೇ ಸೀಟು. ಮೇದಿನಿಯ ಸರದಿ ಬಂದಾಗ ತಾಯಿ ವಿಶಾಲಾಕ್ಷಿಯೂ ಒಳಗೆ ನುಗ್ಗಿ ಪಕ್ಕದಲ್ಲೇ ಕೂತಳು.

"ರಕ್ತ ಕಂಡರೆ ಹೆದರಿಕೆಯೇ?" ಎಂದಿತು ಯಂತ್ರ.

ಮೇದಿನಿ ಬಾಯಿ ತೆರೆಯುವಷ್ಟರಲ್ಲಿ, "ಅದೆಲ್ಲ ಏನಿಲ್ಲ," ಎಂದಳು ತಾಯಿ, ಡಾಕ್ಟರ ಮುಂದೆ ಮಗಳ ಜ್ವರವನ್ನು ತಾನೇ ವಿವರಿಸುವಂತೆ.

"ನಿದ್ದೆಗೆಡಬಲ್ಲಿರಾ?"

"ಎಷ್ಟು ಬೇಕಾದ್ರೂ."

"ಅಮ್ಮಾ, ನಾನು ಹೇಳ್ತೀನಿ."

"ಸುಮ್ನಿರು. ಅದು ಏನು ಹೇಳಿದ್ರೂ ಎದುರಾಡ್ಬೇಡ. ಮನುಷ್ಯರು ತಪ್ಪು ಹೇಳ್ತಾರೆ, ಅದು ಹೇಳಲ್ಲ."

ಮೇದಿನಿಗಿದ್ದದ್ದು ಮನೆಗಳ ನಕ್ಷೆ ಬರೆಯುವ ಆಸೆ.

"ನಿಮಗೆ ನರ್ಸಿಂಗ್ ಸರಿ," ಎಂದಿತು ಯಂತ್ರ. "ನಿಮ್ಮ ದನಿಗೆ ನಲವತ್ತು ದಾಟಿದೆ, ಆದರೂ ತಡವಾಗಿಲ್ಲ. ಪಕ್ಕದ ಹುಡುಗಿ ಆಮೇಲೆ ಒಬ್ಬಳೇ ಕೂರಲಿ. ನಿಮಗೆ ಒಪ್ಪಿಗೆಯೇ?"

ಹಿಂದೆ ನರ್ಸಿಂಗ್ ಸೀಟು ಸಿಕ್ಕಿದ ವರ್ಷವೇ ವಿಶಾಲಾಕ್ಷಿಗೆ ಮದುವೆ ಮಾಡಿ ಓದು ಬಿಡಿಸಿದ್ದರು. ಅವಳು ಸೆರಗನ್ನು ಬಿಗಿಯಾಗಿ ಹಿಡಿದಳು. ಹೊರಗೆ ಸಾಲಿನವರು ಬಾಗಿಲು ಬಡಿಯತೊಡಗಿದರು.

"ಇದು ಕೆಟ್ಟಿರ್ಬೇಕು ಕಣೇ."

"ಅದು ತಪ್ಪು ಹೇಳಲ್ಲ ಅಂದ್ಯಲ್ಲಮ್ಮ."

"ಒಪ್ಪಿಗೆಯೇ?" ಎಂದು ಯಂತ್ರ ಮತ್ತೆ ಕೇಳಿತು.

ತಾಯಿ ಬಾಯಿ ತೆರೆಯುವಷ್ಟರಲ್ಲಿ, "ಒಪ್ಪಿಗೆ," ಎಂದಳು ಮೇದಿನಿ.