ಜಗ್ಗಿ ನೋಡಿದ ಬೀಗ

ಮನೆಯ ಬೀಗ ಜಗ್ಗಿ ನೋಡಿದಾಗ ಅಂಗೈಗೆ ಅಂಟುವ ಕಬ್ಬಿಣದ ವಾಸನೆ ನನ್ನನ್ನು ಇಂದಿಗೂ ಮಸ್ಕಿಯ ಒಂದು ಮಧ್ಯಾಹ್ನಕ್ಕೆ ಕರೆದೊಯ್ಯುತ್ತದೆ.

ಅವತ್ತು ತುರ್ವಿಹಾಳದಲ್ಲಿ ಅವ್ವನ ತಂಗಿಯ ಕೂಸಿಗೆ ಹೆಸರಿಡುವವರಿದ್ದರು. ಅವ್ವ ತಾನೇ ಹೊಲಿದ ಕೆಂಪು ಕುಂಚಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಬಿಸಿ ಕಟ್ಟೆಯ ಮೇಲೆ ಅಪ್ಪನ, ನನ್ನ ನಡುವೆ ಕುಳಿತಿದ್ದಳು. ಕೂಸಿನ ನೆತ್ತಿಗೆ ಒತ್ತದಿರಲೆಂದು ಅದರೊಳಗೆ ಹಳೆಯ ಧೋತರದ ಮೆತ್ತನೆಯ ಬಟ್ಟೆ ಇಟ್ಟು ಹೊಲಿದಿದ್ದಳು.

ಬಸ್ಸು ಬರುವ ಹೊತ್ತಿಗೆ ಅಪ್ಪ ಎದ್ದು ನಿಂತ.

“ಮನೀ ಕೀಲಿ ಬರೋಬ್ಬರಿ ಬಿದ್ದೈತೋ ಇಲ್ಲೋ, ನೋಡಿ ಬರ್ತೀನಿ.”

“ನಾನೂ ಜಗ್ಗಿ ನೋಡೀನಿ, ಕುಂದರ್ರಿ,” ಅಂದಳು ಅವ್ವ. ಅಪ್ಪ ಆಗಲೇ ಹೊರಟಿದ್ದ.

ಬಸ್ಸು ಬಂತು. “ಹತ್ತತೀರೇನಕ್ಕಾ?” ಎಂದು ಕಂಡಕ್ಟರ್ ಕೇಳಿದ. ಅವ್ವ ಮನೆಯ ದಾರಿಯನ್ನೇ ನೋಡುತ್ತ ಕುಳಿತಳು. ಬಸ್ಸು ಹೋಯಿತು. ಮುಂದಿನ ಬಸ್ಸು ಹೊತ್ತು ಮುಳುಗಿದ ಮೇಲೆ. ಅಷ್ಟರಲ್ಲಿ ತೊಟ್ಟಿಲು ತೂಗಿ ಹೆಸರಿಟ್ಟು ಮುಗಿದಿರುತ್ತಿತ್ತು.

ಅಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. “ಬರೋಬ್ಬರಿ ಬಿದ್ದೈತಿ,” ಅಂದ.

ಮನೆಗೆ ಮರಳಿ ಅವ್ವ ಕುಂಚಿಗೆಯನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದಳು.

“ಟ್ರಂಕಿಗೆ ಕೀಲಿ ಹಾಕೀಯೇನು?” ಅಪ್ಪ ಪಡಸಾಲೆಯಿಂದ ಕೇಳಿದ.

ಅವ್ವ ಅಡುಗೆಮನೆಗೆ ಹೋದಳು. ನಾನೇ ಎದ್ದು ಹೋಗಿ, ಎರಡೂ ಕೈಯಿಂದ ಆ ಬೀಗ ಜಗ್ಗಿ ನೋಡಿದೆ.