ತಿರುಪತಿ ಕೌದಿ

"ರೈಲಿಗೆ ಇಷ್ಟೇ ಗಾಲಿ ಇರ್ತಾವಾ?" ಎಂದು ಪಾಪಣ್ಣ ಕೇಳಿದಾಗ, ಬಟ್ಟೆ ತುಂಡುಗಳಲ್ಲಿ ರೈಲಿನ ಚಿತ್ರ ಕೂರಿಸುತ್ತಿದ್ದ ಅಂಕಮ್ಮ ಸೂಜಿಯನ್ನು ಕೌದಿಗೆ ಚುಚ್ಚಿ ಕೈಬಿಟ್ಟಳು. ಬೆಳಗಿನಿಂದ ಜಗುಲಿಯ ಮೇಲೆ ಎದುರಿಗೇ ಕುಳಿತು ಅವನು ತೆಗೆದ ನಾಲ್ಕನೆಯ ತಕರಾರು ಇದು. ಮೊದಲು ಬೆಟ್ಟ ಗಿಡ್ಡವಾಯಿತೆಂದ. ಆಮೇಲೆ ಕೋತಿಯ ಬಾಲ ಉದ್ದವಾಯಿತೆಂದ. ಸೇಲಂ ಟೇಶನ್ನಿಗೆ ಹಸಿರು ಬಟ್ಟೆ ಯಾಕೆಂದ.

"ನೀನು ರೈಲು ಅತ್ತಿದ್ಯಾ ಮಾವ?"

"ಅತ್ತಬೇಕಾ? ಮೇಟೂರು ಅಣೆಕಟ್ಟೆಗೆ ಸಾಮಾನು ತರ್ತಿದ್ದ ರೈಲು ನಾನು ಕಂಡಿಲ್ವಾ? ಗಾಲಿ ಎಣಿಸಾಕೂ ಟಿಕೇಟು ಕೇಳ್ತಾರಾ?"

ಸೋದರಮಾವನನ್ನೇ ಕಟ್ಟಿಕೊಂಡು ಮೂವತ್ತೆಂಟು ವರ್ಷ. ಅಷ್ಟರಲ್ಲಿ ಅಂಕಮ್ಮ ತನ್ನದೆಂದು ಹೇಳಿಕೊಳ್ಳಲು ಇದ್ದದ್ದು ಹೋದ ತಿಂಗಳಿನ ಒಂಬತ್ತು ದಿನ. ನೆರೆಮನೆಯ ಚಿನ್ನಕ್ಕನ ಜೊತೆ ಬಸ್ಸು ಹತ್ತಿ, ರೈಲು ಹತ್ತಿ, ತಿರುಪತಿಯ ಏಳು ಬೆಟ್ಟವನ್ನೂ ನಡೆದೇ ಹತ್ತಿ ಗೋವಿಂದನ ಎದುರು ನಿಂತಾಗ, ಬೇಡಬೇಕೆಂದುಕೊಂಡಿದ್ದೆಲ್ಲ ಮರೆತುಹೋಗಿ ಅವಳು ಸುಮ್ಮನೆ ನಕ್ಕುಬಿಟ್ಟಿದ್ದಳು. ಅದೆಲ್ಲ ಮಾಸುವ ಮೊದಲು ಹಳೆಯ ಸೀರೆಗಳನ್ನು ಕತ್ತರಿಸಿ ಒಂದು ಕೌದಿಯ ಮೇಲೆ ಕೂಡಿಸಿಡೋಣವೆಂದು ಕುಳಿತವಳಿಗೆ ಈ ಕಾಟ.

"ಎಲ್ಲಾ ಸರಿ. ಕೋತಿಗೂ ಜಾಗ ಕೊಟ್ಟಿದ್ದೀಯ. ನಾನೆಲ್ಲಿ?"

"ನೀನೆಲ್ಲಿ ಬಂದೆ?"

"ನಲವತ್ತು ಕುರಿ ಯಾರು ಕಾದ್ರು? ನಾನು ಕಾಯದಿದ್ರೆ ನೀನು ಎಂಗೆ ಓಗ್ತಿದ್ದೆ ಅಮ್ಮಿ?"

"ಪೋದುಂ ಮಾವ, ಸಾಕು. ಒಲದಲ್ಲಿ ನೀನು, ಅಟ್ಟೀಲಿ ನೀನು, ಒಲೆ ಮುಂದೆ ಕುಂತ್ರೂ ನೀನು. ಈ ಬಟ್ಟೇಲಾದ್ರೂ ನಾನೊಬ್ಬಳೇ ಇರ್ತೀನಿ, ಬಿಡು."

ಬಿಡುವವನೇ ಅವನು? ಬೆರಳಿಟ್ಟು ತೋರಿಸಿದ. "ಈ ಮೂಲೆ ಖಾಲಿ ಐತಲ್ಲ."

"ಅದು ನಮ್ಮನೆ ಬಾಗ್ಲಿಗೆ ಬಿಟ್ಟಿರೋದು. ನಾನು ತಿರುಗಿ ಬಂದದ್ದು."

ಪಾಪಣ್ಣ ಬೆರಳನ್ನು ಹಿಂದಕ್ಕೆ ತೆಗೆದುಕೊಂಡ. ತಿರುಪತಿಯಿಂದ ಬಂದವರು ಚಿಕ್ಕವರಾಗಲಿ ದೊಡ್ಡವರಾಗಲಿ, ಹೊಸಿಲು ದಾಟುವ ಮೊದಲು ಮನೆಯವರು ಅವರ ಕಾಲು ತೊಳೆದು ಬಗ್ಗಿ ನಮಸ್ಕರಿಸಬೇಕು. ಚಿನ್ನಕ್ಕನ ಕಾಲನ್ನು ಅವಳ ಅತ್ತೆಯೇ ತೊಳೆದಿದ್ದಳು. ಅಂಕಮ್ಮ ಬಂದಾಗ ಹೊಸಿಲ ಮುಂದೆ ನೀರು ತುಂಬಿದ ಚೆಂಬಿತ್ತು, ಗಂಡನಿರಲಿಲ್ಲ. ಊರವರ ಕಣ್ಣೆದುರು ಹೆಂಡತಿಯ ಕಾಲಿಗೆ ಬೀಳಲು ನಾಚಿ ಕುರಿ ಹೊಡೆದುಕೊಂಡು ಹೋಗಿದ್ದ. ಅವಳು ತನ್ನ ಕಾಲನ್ನು ತಾನೇ ತೊಳೆದುಕೊಂಡು ಒಳಗೆ ಬಂದಿದ್ದಳು.

"ಬೇಕಂದ್ರೆ ಇಲ್ಲಿ ಜಾಗ ಐತೆ, ಒಸಲ ಮುಂದೆ," ಎಂದಳು. ರೇಗಿದ ದನಿ ಇನ್ನೂ ಇಳಿದಿರಲಿಲ್ಲ. "ಆದ್ರೆ ನಿಂತಂಗೆ ಒಲಿಯಾಕಾಗಲ್ಲ. ಬಗ್ಗಿರಬೇಕು."

ಇನ್ನು ಎದ್ದು ಹೋಗುತ್ತಾನೆ, ಪೀಡೆ ತೊಲಗಿತು ಎಂದುಕೊಂಡು ಅವಳು ಮತ್ತೆ ಸೂಜಿ ಹಿಡಿದಳು. ಪಾಪಣ್ಣ ಏಳಲಿಲ್ಲ.

"ತಲೆಗೆ ರುಮಾಲು ಇಡ್ತೀಯಾ?"

"ಕೆಂಪು ಬಟ್ಟೆ ಮುಗೀತು."

ಅವನು ತನ್ನ ತಲೆಯ ಕೆಂಪು ರುಮಾಲನ್ನು ಬಿಚ್ಚಿ, ಅಂಚನ್ನು ಹಲ್ಲಿನಿಂದ ಸೀಳಲು ಬಗ್ಗಿದ. ಬೀದಿಯಲ್ಲಿ ಹೋಗುವವರೆಲ್ಲ ನೋಡುತ್ತಿದ್ದಂತೆ, ಅವಳ ಕಾಲ ಬಳಿ ಅವನ ಬೋಳು ತಲೆ ಬಿಸಿಲಿಗೆ ಹೊಳೆಯಿತು.